ಇಂದಿನ ಧಮ್ಮ ಚಿಂತನೆ: ಪ್ರವಾಸದಲ್ಲಿ ಒಬ್ಬರಿಗೆ ಆರಾಮಿಲ್ಲದಾದಾಗ

 

ಬಂಧುಗಳೇ, ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭಗವಾನರು ಆನಂದರ ಜೊತೆ ಭಿಕ್ಷುಗಳ ವಸತಿಗಳನ್ನು ನೋಡುತ್ತ ಬರುತ್ತಾರೆ. ಒಂದು ಕೋಣೆಯಲ್ಲಿ ಹೊಟ್ಟೆ ಕೆಟ್ಟು, ತನ್ನ ಮಲಮೂತ್ರದಲ್ಲೇ ಬಿದ್ದಿರುವ ಭಿಕ್ಷು. ಯಾರೂ ಏಕೆ ನೋಡುತ್ತಿಲ್ಲ ಎಂದು ಕೇಳಿದರೆ, ನಾನು ಅವರಿಗೇನೂ ಮಾಡಿಲ್ಲ, ಅದಕ್ಕೆ ಅವರೂ ನೋಡುವುದಿಲ್ಲ ಎನ್ನುತ್ತಾನೆ. ಆನಂದರು ನೀರು ತರುತ್ತಾರೆ. ಭಗವಾನರು ನೀರು ಹಾಕುತ್ತಾರೆ, ಆನಂದರು ತೊಳೆಯುತ್ತಾರೆ. ತಲೆಯ ಕಡೆ ಭಗವಾನರು, ಕಾಲ ಕಡೆ ಆನಂದರು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಮಾತು ಬರುವುದು ಇದಾದ ಮೇಲೆ.

ಈ ಕತೆ ನಮಗೆಲ್ಲ ಗೊತ್ತು. ಆದರೆ ಅದೇ ಭಾಗದಲ್ಲಿ ಮುಂದೆ ಇರುವುದನ್ನು ನಾವು ಓದುವುದು ಕಡಿಮೆ. ಆರೈಕೆ ಮಾಡುವವರಿಗೆ ಐದು ಗುಣ ಹೇಳಿದಂತೆ ರೋಗಿಗೂ ಐದು ಗುಣ ಹೇಳಿದ್ದಾರೆ. ಪಥ್ಯದಲ್ಲಿರಬೇಕು, ಅದರಲ್ಲೂ ಮಿತಿ ತಿಳಿಯಬೇಕು, ಔಷಧ ತೆಗೆದುಕೊಳ್ಳಬೇಕು, ನೋವು ತಾಳಬೇಕು. ಇನ್ನೊಂದು, ತನ್ನ ಒಳ್ಳೆಯದನ್ನು ಬಯಸುವವರ ಮುಂದೆ ಕಾಯಿಲೆ ಹೆಚ್ಚಿದ್ದರೆ ಹೆಚ್ಚಿದೆ, ಕಡಿಮೆಯಾಗಿದ್ದರೆ ಕಡಿಮೆಯಾಗಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಬೇಕು.

ಇದು ನೆನಪಾಗಲು ಕಾರಣ ನಮ್ಮ ಬಳಗದ ಬಾದಾಮಿ–ಐಹೊಳೆ ಪ್ರವಾಸ. ನವಿಲುತೀರ್ಥದಿಂದ ಎರಡು ಕ್ರೂಸರ್ ಗಾಡಿಯಲ್ಲಿ ಹೊರಟಿದ್ದೆವು. ನಮ್ಮ ಅಣೆಕಟ್ಟು ದಾಟಿದ ಮಲಪ್ರಭೆಯೇ ಪಟ್ಟದಕಲ್ಲು, ಐಹೊಳೆಗಳ ಪಕ್ಕದಲ್ಲಿ ಹರಿಯುವುದು. ಐಹೊಳೆಯ ಮೇಗುಟಿ ಗುಡ್ಡದ ಮೇಲಿನ ರವಿಕೀರ್ತಿಯ ಶಾಸನವನ್ನು (ಕ್ರಿ.ಶ. 634) ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಅದೇ ಗುಡ್ಡದ ಮಧ್ಯದಲ್ಲಿ ಎರಡು ಅಂತಸ್ತಿನ ಬೌದ್ಧ ಚೈತ್ಯವಿದೆ, ಮೇಲಿನ ಛತ್ತಿನಲ್ಲಿ ಬುದ್ಧನ ಮೂರ್ತಿಯಿದೆ ಎನ್ನುವುದು ನಮ್ಮವರಲ್ಲೇ ಅನೇಕರಿಗೆ ಗೊತ್ತಿಲ್ಲ. ಅದನ್ನು ನೋಡಲೆಂದೇ ಕೂಲಿಯ ದುಡ್ಡಿನಲ್ಲಿ ಉಳಿಸಿ ಬಂದವರಿದ್ದರು.

ಐಹೊಳೆ ಮುಟ್ಟಲಿಲ್ಲ. ಬಾದಾಮಿಯ ಮೂರನೇ ಗುಹೆಯ ಮೆಟ್ಟಿಲಲ್ಲಿ ನಮ್ಮ ಹಿರಿಯ ಕಾಕಾ ಒಬ್ಬರು ಕುಳಿತುಬಿಟ್ಟರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ನಸುಕಿನಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ತಡವಾಗುತ್ತದೆಂದು ಏನೂ ತಿಂದಿರಲಿಲ್ಲ. ರಾಮದುರ್ಗ ದಾಟುವಾಗಲೇ ತಲೆ ತಿರುಗುತ್ತಿತ್ತಂತೆ. ಪಕ್ಕದವರು ಕೇಳಿದಾಗ "ಏನಿಲ್ಲ ಬಿಡ್ರಿ, ಸ್ವಲ್ಪ ದಣಿವಾಗೇತಿ ಅಷ್ಟ" ಅಂದಿದ್ದರು. ನರ್ಸಿಂಗ್ ಓದುವ ಹುಡುಗಿ ಕೂಡಲೇ ಸಕ್ಕರೆ ನೀರು ಕುಡಿಸಿದಳು, 108ಕ್ಕೆ ಫೋನ್ ಹೋಯಿತು. ಇಂಥ ಗುಳಿಗೆಯಿಂದ ಇಳಿದ ಸಕ್ಕರೆ ಮತ್ತೆ ಇಳಿಯಬಹುದು ಎಂದು ಡಾಕ್ಟರು ಸಂಜೆತನಕ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಒಂದಿಬ್ಬರು ಗೊಣಗಿದರು. ಅದನ್ನು ದೊಡ್ಡದು ಮಾಡಬೇಕಿಲ್ಲ, ಅವರೇ ರಾತ್ರಿ ಕಾಕಾರನ್ನು ಮನೆ ಮುಟ್ಟಿಸಿದ್ದು.

ನನ್ನ ಪ್ರಶ್ನೆ ಬೇರೆ. ಕಾಕಾ ಏಕೆ ಮುಚ್ಚಿಟ್ಟರು? "ನನ್ನಿಂದ ಎಲ್ಲಾರಿಗೂ ತ್ರಾಸಾಗಬಾರದಂತ" ಅಂದರು. ಸಂಕೋಚ ಎಲ್ಲ ಹಿರಿಯರಲ್ಲೂ ಇರುತ್ತದೆ. ನಮ್ಮ ಹಿರಿಯರಲ್ಲಿ ಅದರ ಬೇರು ಇನ್ನೂ ಆಳದಲ್ಲಿದೆ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಿಕ್ಷಕರ ಪತ್ರವನ್ನು ಕೊಟ್ಟಿದ್ದಾರೆ. ಅದು 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದದ್ದು. ಅವರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮರ ಕೈಗೆ ಕೊಟ್ಟರು, ಅವರು ಶಿಕ್ಷಕರಿಗೆ, ಶಿಕ್ಷಕರು ಹೆಂಡತಿಗೆ. ಹಾಗೇ ವಾಪಸು. ದೂರ ನಿಂತೇ ನ್ಯುಮೋನಿಯಾ ಎಂದರು. ಆಮೇಲೆ ಬರಲೂ ಇಲ್ಲ. ಆ ತಾಯಿ ತೀರಿಕೊಂಡರು. ಹೇಳಿಕೊಂಡರೂ ಮುಟ್ಟುವವರಿಲ್ಲದ ಕಾಲವನ್ನು ದಾಟಿ ಬಂದ ಮನೆಗಳಲ್ಲಿ, ಹೇಳದೆ ಇರುವುದೇ ರೂಢಿಯಾದರೆ ಆಶ್ಚರ್ಯವಿಲ್ಲ. ಆದರೆ ಸಂಘವೆಂದರೆ ಹೇಳಿಕೊಳ್ಳಬಹುದಾದ ಜಾಗ. "ಹ್ಯಾಂಗದೀರಿ" ಎಂದು ಒಮ್ಮೆ ಕೇಳಿ ಬಿಡದೆ, ಮತ್ತೊಮ್ಮೆ ಕೇಳುವುದು ಕಿರಿಯರ ಪಾಲಿನ ಕೆಲಸ.

ಮುಂದಿನ ಪ್ರವಾಸಕ್ಕೆ ಬರುವವರು ತಮ್ಮ ಕಾಯಿಲೆ, ಗುಳಿಗೆಯ ಹೆಸರು, ಮನೆಯವರ ನಂಬರು ಬರೆದ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ತಿನ್ನದೆ ಗಾಡಿ ಹತ್ತಬೇಡಿ. ಯಾರಿಗಾದರೂ ಹೀಗಾದರೆ, ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದರೆ ಮಾತ್ರ ಸಕ್ಕರೆ ಅಥವಾ ಬೆಲ್ಲ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.