ಹತ್ತರಾಚೆಗಿನ ಮಗ್ಗಿ

ಬೀದರ್ ಜಿಲ್ಲೆಯ ಮಕ್ಕಳಿಗೆ ಮಗ್ಗಿ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಭಾಲ್ಕಿ ಕಡೆಯ ಹಳ್ಳಿಯ ಹುಡುಗಿ ಹದಿಮೂರರ ಮಗ್ಗಿಯನ್ನು ಉಸಿರು ಬಿಡದೆ ಹೇಳಿ ಮುಗಿಸುತ್ತಾಳೆ. ಔರಾದಿನಲ್ಲಿ ಮನೆಮಾತು ಮರಾಠಿಯಾದ ಮಕ್ಕಳು ‘ಬೇ ಏಕೆ ಬೇ, ಬೇ ದುಣೆ ಚಾರ್’ ಎಂದು ಒಳಗೊಳಗೇ ಲೆಕ್ಕ ಹಾಕಿ ಉತ್ತರವನ್ನು ಕನ್ನಡದಲ್ಲಿ ಬರೆಯುತ್ತಾರೆ. ಬೀದರ್ ಹಳೇ ಊರಿನ ಓಣಿಗಳಲ್ಲಿ ಇದೇ ಕೆಲಸ ಉರ್ದುವಿನಲ್ಲಿ ನಡೆಯುತ್ತದೆ. ಯಾವ ಭಾಷೆಯಲ್ಲಾದರೂ ಕಂಠಪಾಠ ಗಟ್ಟಿಯೇ. ತೊಡಕಿರುವುದು ಅದರ ಮುಂದಿನ ಹೆಜ್ಜೆಯಲ್ಲಿ, ಅಂದರೆ ಅಪವರ್ತ್ಯದಲ್ಲಿ. ಈ ಮೂರೂ ಕಡೆ ಐದರಿಂದ ಏಳನೇ ತರಗತಿಯವರಿಗೆ ಗಣಿತ ಹೇಳುತ್ತ ನಾನು ಕಂಡುಕೊಂಡ ಕೆಲವು ಸಂಗತಿಗಳು ಇಲ್ಲಿವೆ.

1. ಮಗ್ಗಿ ಹತ್ತಕ್ಕೆ ನಿಲ್ಲುತ್ತದೆ, ಅಪವರ್ತ್ಯ ನಿಲ್ಲುವುದಿಲ್ಲ

ಏಳರ ಅಪವರ್ತ್ಯಗಳನ್ನು ಬರೆಯಿರಿ ಎಂದರೆ ಮಕ್ಕಳು 7, 14, 21 ಎಂದು ಹೊರಟು 70ಕ್ಕೆ ಪೆನ್ನು ಕೆಳಗಿಡುತ್ತಾರೆ. ಮುಂದೆ? ‘ಖತಮ್ ಸರ್.’ ಮಗ್ಗಿಯ ಪುಸ್ತಕದಲ್ಲಿ ಅಲ್ಲಿಗೇ ಗೆರೆ ಎಳೆದಿರುತ್ತದಲ್ಲ! ಆಗ ನಾನು ಬೋರ್ಡಿನ ಮೇಲೆ 371 ಎಂದು ಬರೆಯುತ್ತೇನೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಹೆಸರನ್ನು ನಮ್ಮ ಭಾಗದಲ್ಲಿ ಕೇಳದ ಮನೆಯಿಲ್ಲ. ಮಕ್ಕಳಿಗೆ ಅದರ ಅರ್ಥ ಗೊತ್ತಿರದಿದ್ದರೂ ಸಂಖ್ಯೆ ಗೊತ್ತು. ಇದು ಏಳರ ಅಪವರ್ತ್ಯವೋ ಅಲ್ಲವೋ?

ಭಾಗಾಕಾರ ಮಾಡಲು ನಾನು ಬಿಡುವುದಿಲ್ಲ. 70 ಏಳರದು, ಸರಿ. ಹಾಗಾದರೆ 140? ಅದೂ ಹೌದು. 350? ಐದು ಸಲ 70, ಹೌದು. ಉಳಿದದ್ದು 21, ಅದಂತೂ ಮಗ್ಗಿಯಲ್ಲೇ ಇದೆ. ಏಳರ ಒಂದು ಅಪವರ್ತ್ಯಕ್ಕೆ ಏಳರ ಇನ್ನೊಂದನ್ನು ಕೂಡಿಸಿದರೆ ಬರುವುದೂ ಏಳರದೇ. ಹಾಗಾಗಿ 371 ಎಂದರೆ 53 ಏಳುಗಳು. ಈ ಒಂದು ಮಾತು ಮಕ್ಕಳ ಕೈಗೆ ಸಿಕ್ಕಿತೆಂದರೆ ಹತ್ತರವರೆಗಿನ ಮಗ್ಗಿಯಲ್ಲೇ ಎಷ್ಟು ದೂರ ಬೇಕಾದರೂ ಹೋಗುತ್ತಾರೆ. ಇಪ್ಪತ್ತೈದರವರೆಗೆ ಮಗ್ಗಿ ಉರು ಹೊಡೆಸಬೇಕು ಎಂದು ಹಟ ಹಿಡಿಯುವ ಪಾಲಕರಿಗೂ ನಾನು ಹೇಳುವುದು ಇದನ್ನೇ. ಅವರು ನಂಬುವುದಿಲ್ಲ ಬಿಡಿ.

2. ಸೊನ್ನೆಯನ್ನು ಬಿಟ್ಟು ಹೊರಡಬೇಡಿ

7 × 0 = 0. ಆದ್ದರಿಂದ ಸೊನ್ನೆ ಏಳರ ಅಪವರ್ತ್ಯ. ಎಂಟರದೂ ಹೌದು, ಎಲ್ಲ ಸಂಖ್ಯೆಗಳದೂ ಹೌದು. ಸಂಖ್ಯಾರೇಖೆಯ ಮೇಲೆ ಜಿಗಿಸುವಾಗ ಮಗುವನ್ನು ಸೊನ್ನೆಯ ಮೇಲೇ ನಿಲ್ಲಿಸಿ. ಏಳರ ಮೇಲೆ ನಿಲ್ಲಿಸಿದರೆ ಮೊದಲ ಜಿಗಿತಕ್ಕೇ 14 ಬಂದು ಎಣಿಕೆ ಒಂದು ತಪ್ಪುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) ಹುಡುಕುವಾಗ ಮಾತ್ರ ಸೊನ್ನೆಯನ್ನು ಪಕ್ಕಕ್ಕಿಡುತ್ತೇವೆ. ಇಡದಿದ್ದರೆ ಯಾವ ಎರಡು ಸಂಖ್ಯೆ ಕೊಟ್ಟರೂ ಉತ್ತರ ಸೊನ್ನೆಯೇ.

3. ಅಪವರ್ತ್ಯ, ಅಪವರ್ತನ

ಕಿವಿಗೆ ಎರಡೂ ಒಂದೇ. ವ್ಯಾಖ್ಯೆ ಬರೆಸಿ ಪ್ರಯೋಜನವಿಲ್ಲ, ಪ್ರಶ್ನೆ ಕೇಳಬೇಕು. 12ರ ಪಟ್ಟಿ ಮುಗಿಯುತ್ತದೋ ಇಲ್ಲವೋ? 1, 2, 3, 4, 6, 12 ಎಂದು ಮುಗಿದುಬಿಟ್ಟರೆ ಅಪವರ್ತನ. 12, 24, 36 ಎಂದು ಕಾಗದ ಸಾಲದೆ ಹೋದರೆ ಅಪವರ್ತ್ಯ. 12 ಎರಡೂ ಪಟ್ಟಿಯಲ್ಲಿದೆ. ಒಂದರಲ್ಲಿ ಎಲ್ಲಕ್ಕಿಂತ ದೊಡ್ಡದು, ಇನ್ನೊಂದರಲ್ಲಿ (ಸೊನ್ನೆಯನ್ನು ಬಿಟ್ಟರೆ) ಎಲ್ಲಕ್ಕಿಂತ ಚಿಕ್ಕದು.

4. ರಸ್ತೆಯೇ ಅಭ್ಯಾಸ ಪುಸ್ತಕ

ಬೀದರಿನ ಗಾಡಿಗೆ ಕೆಎ-38, ಭಾಲ್ಕಿಯದಕ್ಕೆ ಕೆಎ-39. ಔರಾದಿನಲ್ಲಿ ನಿಂತರೆ ಗಡಿಯಾಚೆಯ ಲಾತೂರಿನ ಎಂಎಚ್-24, ನಾಂದೇಡಿನ ಎಂಎಚ್-26 ಕೂಡ ಸಿಗುತ್ತವೆ. ಶಾಲೆಯ ಗೇಟಿನ ಒಳಗೇ ಮಕ್ಕಳನ್ನು ನಿಲ್ಲಿಸಿ, ಹಾದುಹೋಗುವ ಗಾಡಿಯ ಕೊನೆಯ ನಾಲ್ಕು ಅಂಕಿಗಳನ್ನು ಓದಿಸುತ್ತೇನೆ. ಗಾಡಿ ತಿರುವಿನಲ್ಲಿ ಮರೆಯಾಗುವುದರೊಳಗೆ ಅದು ಯಾವುದರ ಅಪವರ್ತ್ಯ ಎಂದು ಹೇಳಬೇಕು.

4716 ಬಂತು ಎನ್ನಿ. ಕೊನೆಯ ಎರಡಂಕಿ 16, ಆದ್ದರಿಂದ ನಾಲ್ಕರದು. ಅಂಕಿಗಳ ಮೊತ್ತ 18, ಆದ್ದರಿಂದ ಮೂರರದೂ ಒಂಬತ್ತರದೂ ಹೌದು. ಇಷ್ಟನ್ನು ಸೂತ್ರ ಬಾಯಿಪಾಠ ಮಾಡಿದ ಯಾರಾದರೂ ಹೇಳಿಯಾರು. ‘ಯಾಕ?’ ಎಂದು ಕೇಳಿದರೆ ಗದ್ದಲ ತಣ್ಣಗಾಗುತ್ತದೆ.

ನೂರರಲ್ಲಿ ಇಪ್ಪತ್ತೈದು ನಾಲ್ಕುಗಳಿವೆ. 47 ನೂರುಗಳೆಂದರೆ ಪೂರ್ತಿ ನಾಲ್ಕುಗಳೇ. ಅವನ್ನು ನೋಡುವ ಕೆಲಸವೇ ಇಲ್ಲ, ತೀರ್ಮಾನವೆಲ್ಲ ಉಳಿದ 16ರ ಕೈಯಲ್ಲಿದೆ. ಒಂಬತ್ತಕ್ಕೆ ಬಂದರೆ, ಪ್ರತಿ ಸಾವಿರದಿಂದ 999 ತೆಗೆದರೆ 1 ಉಳಿಯುತ್ತದೆ. ಪ್ರತಿ ನೂರರಿಂದ 99 ತೆಗೆದರೆ 1. ಪ್ರತಿ ಹತ್ತರಿಂದ 9 ತೆಗೆದರೆ 1. ನಾಲ್ಕು ಸಾವಿರಗಳಿಂದ 4, ಏಳು ನೂರುಗಳಿಂದ 7, ಒಂದು ಹತ್ತರಿಂದ 1, ಬಿಡಿ 6. ಉಳಿಕೆಗಳನ್ನೆಲ್ಲ ಕೂಡಿಸಿದರೆ 18. ಅಂಕಿಗಳನ್ನು ಕೂಡಿಸುತ್ತಿದ್ದೇವೆ ಎಂದು ಕಂಡರೂ ನಾವು ಕೂಡಿಸುತ್ತಿರುವುದು ಒಂಬತ್ತುಗಳನ್ನು ತೆಗೆದ ಮೇಲಿನ ಉಳಿಕೆಗಳನ್ನು. ಇದನ್ನು ನೋಟುಗಳ ಚೀಟಿ ಮಾಡಿ ಕೈಯಲ್ಲಿ ಕೊಟ್ಟು ಮಾಡಿಸಿದರೆ ಐದನೇ ತರಗತಿಯವರಿಗೂ ತಿಳಿಯುತ್ತದೆ. ಏಳಕ್ಕೆ ಇಂಥ ಸುಲಭದ ದಾರಿ ಯಾಕಿಲ್ಲ ಎಂದೂ ಆಗಲೇ ಗೊತ್ತಾಗುತ್ತದೆ. ಹತ್ತರಿಂದ ಏಳು ತೆಗೆದರೆ 3, ನೂರರಿಂದ 98 ತೆಗೆದರೆ 2, ಸಾವಿರದಿಂದ 994 ತೆಗೆದರೆ 6: ಉಳಿಕೆಗಳು ಒಂದೇ ಸಮನಾಗಿಲ್ಲ.

ಮಳೆ ಬಂದು ಹೊರಗೆ ನಿಲ್ಲಲಾಗದ ದಿನ ಇಸವಿಗಳನ್ನು ಹಿಡಿಯುತ್ತೇವೆ. ಮಹಮೂದ್ ಗವಾನ್ ಮದರಸಾದ 1472 ನಾಲ್ಕರದು, ಮೂರರದಲ್ಲ. ನಾವು ನಿಜಾಮನ ಆಳ್ವಿಕೆಯಿಂದ ಹೊರಬಂದ 1948ರದೂ ಅದೇ ಕಥೆ. ಬೀದರ್ ಕನ್ನಡ ರಾಜ್ಯಕ್ಕೆ ಸೇರಿದ 1956 ಮಾತ್ರ ಎರಡರದೂ, ಹಾಗಾಗಿ ಹನ್ನೆರಡರದು.

5. ‘ಹಾಗಾಗಿ’ ಎಂಬುದನ್ನು ಸುಮ್ಮನೆ ಒಪ್ಪಬೇಡಿ

ಮೂರು ಮತ್ತು ನಾಲ್ಕರ ಅಪವರ್ತ್ಯವಾದರೆ ಹನ್ನೆರಡರದು. ಸರಿ. ಹಾಗಾದರೆ ನಾಲ್ಕು ಮತ್ತು ಆರರ ಅಪವರ್ತ್ಯವಾದರೆ ಇಪ್ಪತ್ನಾಲ್ಕರದೇ? ತರಗತಿಯ ಮುಕ್ಕಾಲು ಪಾಲು ಕೈ ಎತ್ತುತ್ತದೆ. ಅದೇ 4716 ನಾಲ್ಕರದು, ಆರರದು. ಆದರೆ 4704ಕ್ಕೂ 4728ಕ್ಕೂ ನಡುವೆ ಕೂತಿದೆ, ಇಪ್ಪತ್ನಾಲ್ಕರದಲ್ಲ. ಅಷ್ಟು ದೂರ ಹೋಗುವುದೂ ಬೇಡ, 12 ಸಾಕು. ನಾಲ್ಕರಲ್ಲೂ ಆರರಲ್ಲೂ ಒಂದು ಎರಡು ಅಡಗಿದೆ; ಗುಣಿಸುವಾಗ ಅದನ್ನು ಎರಡು ಸಲ ಎಣಿಸಿಬಿಡುತ್ತೇವೆ.

ಲ.ಸಾ.ಅ. ಕಲಿಸಲು ಇದಕ್ಕಿಂತ ಒಳ್ಳೆಯ ಬಾಗಿಲನ್ನು ನಾನು ಕಾಣೆ. ಬೀದರ್ ನಿಲ್ದಾಣದಿಂದ ಭಾಲ್ಕಿಗೆ 20 ನಿಮಿಷಕ್ಕೊಂದು, ಔರಾದಿಗೆ 45 ನಿಮಿಷಕ್ಕೊಂದು ಬಸ್ಸು ಎಂದಿಟ್ಟುಕೊಳ್ಳಿ. (ನಿಜದ ಬಸ್ಸು ಇಷ್ಟು ಶಿಸ್ತಿನದಲ್ಲ ಎಂದು ಮಕ್ಕಳೇ ನಗುತ್ತಾರೆ.) ಬೆಳಗ್ಗೆ 8ಕ್ಕೆ ಎರಡೂ ಒಟ್ಟಿಗೆ ಹೊರಟವು. ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ? ಗುಣಿಸುವವರು 900 ನಿಮಿಷ, ಅಂದರೆ ರಾತ್ರಿ 11 ಗಂಟೆ ಎನ್ನುತ್ತಾರೆ. ಇಪ್ಪತ್ತರ ಸಾಲು, ನಲವತ್ತೈದರ ಸಾಲು ಬರೆದವರು 180 ಕಂಡು ಬೆಳಗ್ಗೆ 11 ಎನ್ನುತ್ತಾರೆ. ರಾತ್ರಿ 11 ಸುಳ್ಳಲ್ಲ, ಆಗಲೂ ಎರಡು ಬಸ್ಸು ಒಟ್ಟಿಗೆ ಹೊರಡುತ್ತವೆ. ಆದರೆ ಅಷ್ಟು ಹೊತ್ತಿಗೆ ಅದು ಐದನೇ ಸಲ.

ಇದೇ ಜಾಗದಲ್ಲಿ ಮಹಾವೀರಾಚಾರ್ಯನ ಹೆಸರನ್ನೂ ಹೇಳುತ್ತೇನೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಅವನು ಬರೆದ ‘ಗಣಿತಸಾರಸಂಗ್ರಹ’ದಲ್ಲಿ, ಭಿನ್ನರಾಶಿಗಳನ್ನು ಕೂಡುವಾಗ ಕೆಲಸ ಹಗುರಾಗಲೆಂದು ಛೇದಗಳ ಲ.ಸಾ.ಅ. ಬಳಸುವ ಕ್ರಮವಿದೆ. ಅದನ್ನು ಅವನು ‘ನಿರುದ್ಧ’ ಎಂದು ಕರೆದ. ಅಮೋಘವರ್ಷನ ರಾಜಧಾನಿ ಮಾನ್ಯಖೇಟವೇ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡ. ಗಣಿತವೆಲ್ಲ ಬೆಂಗಳೂರಿನ ಕಡೆಯಿಂದ ಬರುತ್ತದೆ ಎಂದುಕೊಂಡ ಮಕ್ಕಳು ಇದನ್ನು ಕೇಳಬೇಕು.

6. ಶೇಷವನ್ನು ಬರೆದು ಸುಮ್ಮನಾಗುವಂತಿಲ್ಲ

ಬಿಸಿಯೂಟದಲ್ಲಿ ಮೊಟ್ಟೆಯ ದಿನ. ತಿನ್ನುವವರು 47 ಮಂದಿ, ಟ್ರೇಯಲ್ಲಿ 30. ಎಷ್ಟು ಟ್ರೇ ತರಬೇಕು? ನೋಟ್‌ಬುಕ್ಕಿನ ಉತ್ತರ: ಭಾಗಲಬ್ಧ 1, ಶೇಷ 17. ಆ ಹದಿನೇಳು ಮಂದಿ ಏನು ತಿನ್ನಬೇಕು? 47ರ ಮುಂದೆ ಸಿಗುವ ಮೂವತ್ತರ ಅಪವರ್ತ್ಯ 60, ಅಂದರೆ ಎರಡು ಟ್ರೇ. ಕೆಲವು ಲೆಕ್ಕಗಳಿಗೆ ಹಿಂದಿನ ಅಪವರ್ತ್ಯ ಬೇಕು, ಕೆಲವಕ್ಕೆ ಮುಂದಿನದು. ಯಾವುದೆಂದು ಸೂತ್ರ ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ.

7. ಬಿದರಿಯ ಲೆಕ್ಕ

ಬಿದರಿ ಎರಕಕ್ಕೆ ಸಾಮಾನ್ಯವಾಗಿ ಹೇಳುವ ಅಳತೆ 16 ಪಾಲು ಸತು, 1 ಪಾಲು ತಾಮ್ರ. ಬೀದರ್ ನಗರದಲ್ಲಿ ಈ ಕೆಲಸದ ಮನೆಗಳಿಂದ ಬರುವ ಮಕ್ಕಳಿರುತ್ತಾರೆ, ಅವರಿಗೆ ಇದು ಹೊಸತಲ್ಲ. 800 ಗ್ರಾಂ ಸತುವಿಗೆ ತಾಮ್ರವೆಷ್ಟು? 50 ಗ್ರಾಂ, ತಟ್ಟನೆ ಬರುತ್ತದೆ. ಪ್ರಶ್ನೆ ತಿರುಗಿಸಿ: ಒಟ್ಟು 850 ಗ್ರಾಂ ಎರಕ ಬೇಕು, ತಾಮ್ರವೆಷ್ಟು? ಈಗಲೂ ಹದಿನಾರರಿಂದಲೇ ಭಾಗಿಸಿ 53 ಎಂದು ಏನೋ ದಶಾಂಶಕ್ಕೆ ಸಿಕ್ಕಿಬೀಳುತ್ತಾರೆ. ಕಣ್ಣೆದುರು ಕಾಣುತ್ತಿರುವುದು 16 ಮತ್ತು 1, ಆದರೆ ಒಟ್ಟು ತೂಕ ನಡೆಯುವುದು ಹದಿನೇಳರ ಹೆಜ್ಜೆಯಲ್ಲಿ. 850 ಎಂದರೆ 50 ಹದಿನೇಳುಗಳು. ಹೀಗಾಗಿ ತಾಮ್ರ 50, ಸತು 800. ಅನುಪಾತದ ಪಾಠವನ್ನು ನಾನು ಈಗ ಇಲ್ಲಿಂದಲೇ ಶುರು ಮಾಡುವುದು.

8. ಪಹಣಿಯಲ್ಲಿ ಹತ್ತರ ಆಟ ನಡೆಯುವುದಿಲ್ಲ

2 ಎಕರೆ 35 ಗುಂಟೆಗೆ 1 ಎಕರೆ 20 ಗುಂಟೆ ಕೂಡಿಸಿ ಎಂದರೆ 3 ಎಕರೆ 55 ಗುಂಟೆ ಎನ್ನುತ್ತಾರೆ. ಮನೆಯಲ್ಲಿ ತಾತ ಇದ್ದರೆ ಬೈಯುತ್ತಾನೆ. 40 ಗುಂಟೆಗೆ ಒಂದು ಎಕರೆ. 55ರಲ್ಲಿ ಒಂದು ನಲವತ್ತು ಹೊರಗೆ ಹೋಗಿ 4 ಎಕರೆ 15 ಗುಂಟೆ. ಗುಂಟೆಯ ಕೆಳಗೆ ಆಣೆ, 16 ಆಣೆಗೆ ಒಂದು ಗುಂಟೆ. ರೂಪಾಯಿಯ ಆಣೆಗಳು 1957ರ ಏಪ್ರಿಲ್ 1ರ ದಶಮಾಂಶ ಪದ್ಧತಿಯೊಂದಿಗೆ ಹಿಂದೆ ಸರಿದವು; ಹೊಲದ ಆಣೆಗಳು ದಾಖಲೆಗಳಲ್ಲಿ ಉಳಿದವು. ಹಳೆಯ ಕಾಲದ ಅಜ್ಜಂದಿರಿಗೆ ಹದಿನಾರರ, ನಲವತ್ತರ ಅಪವರ್ತ್ಯಗಳು ನಾಲಿಗೆಯ ತುದಿಯಲ್ಲಿದ್ದದ್ದು ಇದಕ್ಕೇ.

9. ಪ್ರಶ್ನೆಪತ್ರಿಕೆ ಬದಲಾಗದೆ ಪಾಠ ಬದಲಾಗದು

‘ಏಳರ ಮೊದಲ ಐದು ಅಪವರ್ತ್ಯಗಳನ್ನು ಬರೆಯಿರಿ’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅದು ಮಗ್ಗಿಯ ಪರೀಕ್ಷೆ ಅಷ್ಟೆ. ಬದಲಿಗೆ ‘500ಕ್ಕೆ ಅತಿ ಹತ್ತಿರವಿರುವ ಏಳರ ಅಪವರ್ತ್ಯ ಯಾವುದು?’ ಎಂದು ಕೇಳುತ್ತೇನೆ. ಮಗು 70ರಿಂದ 490ಕ್ಕೆ ಏರಬೇಕು, ಅಲ್ಲಿಂದ 497, ಮತ್ತೊಂದು ಹೆಜ್ಜೆಗೆ 504. ಒಂದು ಮೂರು ದೂರ, ಇನ್ನೊಂದು ನಾಲ್ಕು. ಉತ್ತರ 497. 504 ಬರೆದವರಿಗೆ ಅರ್ಧ ಅಂಕ ಕೊಡುತ್ತೇನೆ; 490ಕ್ಕೇ ನಿಂತವರನ್ನು ಮರುದಿನ ಸಂಖ್ಯಾರೇಖೆಯ ಮುಂದೆ ಕೂರಿಸಿಕೊಳ್ಳುತ್ತೇನೆ.