ಬಸ್ಸಿನ ದುಡ್ಡು, ಹೊಗೆಯ ಲೆಕ್ಕ: ನಾಗರಿಕರು ಕೇಳುವುದು ಹೇಗೆ?

2050ರ ಹೊತ್ತಿಗೆ ಬೆಂಗಳೂರಿನ ಇಂಗಾಲ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ಇಳಿಸುತ್ತೇವೆ ಎಂದು 2023ರ ನವೆಂಬರ್‌ನಲ್ಲಿ ಬಿಡುಗಡೆಯಾದ ನಗರದ ಹವಾಮಾನ ಕ್ರಿಯಾ ಯೋಜನೆ ಹೇಳುತ್ತದೆ. ಅದೇ ನಗರದಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಕೊರೆಯುವ, ಹತ್ತು ಸಾವಿರ ಕೋಟಿ ರೂಪಾಯಿ ಮೀರಿದ ಪ್ರಸ್ತಾವವೂ ಇದೆ. ಗುರಿ ಒಂದು ಕಚೇರಿಯ ಕಡತದಲ್ಲಿದ್ದರೆ ಖರ್ಚು ಮತ್ತೊಂದು ಕಚೇರಿಯ ಕಡತದಲ್ಲಿರುತ್ತದೆ. ಎರಡನ್ನೂ ಒಂದೇ ಹಾಳೆಗೆ ತರುವ ಕೆಲಸವನ್ನು ತೆರಿಗೆ ಕಟ್ಟುವ ಯಾರು ಬೇಕಾದರೂ ಮಾಡಬಹುದು. ಮಾಡಲೇಬೇಕು ಎಂಬುದು ನನ್ನ ಒತ್ತಾಯ.

ಮೊದಲು ಒಂದೇ ಯೋಜನೆ ಆರಿಸಿಕೊಳ್ಳಿ

‘ಸಾರಿಗೆ ಇಲಾಖೆಯ ಖರ್ಚು’ ಎಂದು ಹೊರಟರೆ ದಿಕ್ಕು ತಪ್ಪುತ್ತದೆ. ನಿಮ್ಮೂರಿನ ಒಂದು ಮೇಲ್ಸೇತುವೆ, ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್, ಮೆಟ್ರೊದ ಒಂದು ಮಾರ್ಗ, ಹೀಗೆ ಯಾವುದಾದರೂ ಒಂದು ಸಾಕು. ಇಲ್ಲಿ ಬೆಂಗಳೂರಿನ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯ ವಿದ್ಯುತ್ ಬಸ್ಸುಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಿದ್ಯುತ್ ವಾಹನಗಳಿಗೆ ಪ್ರೋತ್ಸಾಹ ನೀಡುತ್ತಿದ್ದ ಕೇಂದ್ರದ ಫೇಮ್-2 ಯೋಜನೆಯಡಿ 921 ಬಸ್ಸುಗಳನ್ನು 12 ವರ್ಷಗಳ ಗುತ್ತಿಗೆಯಲ್ಲಿ ಓಡಿಸುವ ಒಪ್ಪಂದ ಆಗಿದೆ. ಬಸ್ಸೂ ಚಾಲಕರೂ ಗುತ್ತಿಗೆದಾರರ ಕಡೆಯಿಂದ. ಸಂಸ್ಥೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತದೆ.

ಬಜೆಟ್ ಪುಸ್ತಕದಲ್ಲಿ ಎಲ್ಲಿ ನೋಡಬೇಕು?

ಮುಖ್ಯಮಂತ್ರಿಯ ಬಜೆಟ್ ಭಾಷಣದಲ್ಲಿ ಘೋಷಣೆಗಳು ಮಾತ್ರ ಸಿಗುತ್ತವೆ. ಅಂಕಿ ಬೇಕಿದ್ದರೆ ಆರ್ಥಿಕ ಇಲಾಖೆಯ ಜಾಲತಾಣದಲ್ಲಿರುವ, ಇಲಾಖಾವಾರು ಅನುದಾನ ಬೇಡಿಕೆಗಳ ವಿವರವಾದ ಸಂಪುಟಗಳನ್ನು ತೆರೆಯಿರಿ. ದೇಶದ ಎಲ್ಲ ರಾಜ್ಯಗಳಲ್ಲೂ ಲೆಕ್ಕಶೀರ್ಷಿಕೆಗಳ ಸಂಖ್ಯೆ ಒಂದೇ. ರಸ್ತೆ ಮತ್ತು ಸೇತುವೆಗೆ 3054 ಹಾಗೂ 5054, ರಸ್ತೆ ಸಾರಿಗೆಗೆ 3055 ಹಾಗೂ 5055. 3ರಿಂದ ಶುರುವಾದದ್ದು ರಾಜಸ್ವ ವೆಚ್ಚ, 5ರಿಂದ ಶುರುವಾದದ್ದು ಬಂಡವಾಳ ವೆಚ್ಚ. ಮೆಟ್ರೊ ಹಣ ಇವುಗಳಲ್ಲಿ ಸಿಗುವುದಿಲ್ಲ. ಅದನ್ನು ನಗರಾಭಿವೃದ್ಧಿ ಇಲಾಖೆಯ ಬೇಡಿಕೆಯಲ್ಲಿ ಹುಡುಕಬೇಕು.

ಪ್ರತಿ ಸಾಲಿನಲ್ಲೂ ಹಲವು ಅಂಕಣಗಳಿರುತ್ತವೆ. ಪತ್ರಿಕೆಗಳಲ್ಲಿ ಬರುವುದು ಆಯವ್ಯಯ ಅಂದಾಜು, ಅಂದರೆ ಮುಂದಿನ ವರ್ಷಕ್ಕೆ ಇಟ್ಟ ಮೊತ್ತ. ನೀವು ನೋಡಬೇಕಾದದ್ದು ‘ಲೆಕ್ಕಗಳು’ ಎಂಬ ಅಂಕಣ. ನಿಜವಾಗಿ ಖರ್ಚಾದದ್ದು ಅಲ್ಲಿ ಮಾತ್ರ ಇರುತ್ತದೆ, ಆದರೆ ಎರಡು ವರ್ಷ ಹಿಂದಿನದು. ಆ ವರ್ಷದ ಹಳೆಯ ಬಜೆಟ್ ಸಂಪುಟ ತೆಗೆದು ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಪಕ್ಕಪಕ್ಕ ಬರೆಯಿರಿ. 5054ನ್ನೂ 5055ನ್ನೂ ಐದು ವರ್ಷಗಳಿಗೆ ಹೀಗೆ ಜೋಡಿಸಿದರೆ ಸರ್ಕಾರದ ಒಲವು ರಸ್ತೆಯ ಕಡೆಗೋ ಬಸ್ಸಿನ ಕಡೆಗೋ ಎಂಬುದು ಯಾರೂ ವಿವರಿಸದೆ ತಿಳಿಯುತ್ತದೆ.

ಟೆಂಡರ್ ದಾಖಲೆಗಳನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ಹುಡುಕಬಹುದು. ಟೆಂಡರ್ ಇಲ್ಲದೆ ಕೆಲಸ ಕೊಟ್ಟಿದ್ದರೆ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಆದೇಶದ ಪ್ರತಿ ಕೇಳಿ.

ಅರ್ಜಿ ಬರೆಯುವ ಬಗೆ

ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿಯೇ ದಾರಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಬೇಕು. ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ. ಕಾಯ್ದೆಯಡಿ ಸಿಗುವುದು ದಾಖಲೆ, ಸಮಜಾಯಿಷಿಯಲ್ಲ. ಹೀಗೆ ಬರೆಯಬಹುದು:

“ವಿಷಯ: ವಿದ್ಯುತ್ ಬಸ್ಸುಗಳ ಕಾರ್ಯಾಚರಣೆ. 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ತಿಂಗಳುವಾರು ಓಡಿದ ಕಿಲೋಮೀಟರ್, ಗುತ್ತಿಗೆದಾರರಿಗೆ ಪಾವತಿಸಿದ ಮೊತ್ತ, ಬಸ್ಸು ಓಡದಿದ್ದರೂ ಖಾತರಿ ಕಿಲೋಮೀಟರ್ ಲೆಕ್ಕದಲ್ಲಿ ಪಾವತಿಸಿದ್ದರೆ ಆ ಮೊತ್ತ, ಚಾರ್ಜಿಂಗ್‌ಗೆ ಬಳಸಿದ ಯೂನಿಟ್ ಹಾಗೂ ವಿದ್ಯುತ್ ಖರೀದಿಯ ಮೂಲ, ಪ್ರಯಾಣಿಕರ ಸಂಖ್ಯೆ. ಒಪ್ಪಂದದ ದೃಢೀಕೃತ ಪ್ರತಿ.”

ಅರ್ಜಿ ತಪ್ಪು ಕಚೇರಿಗೆ ಹೋದರೂ ಚಿಂತೆ ಬೇಡ, ಸಂಬಂಧಪಟ್ಟವರಿಗೆ ಅವರೇ ಐದು ದಿನಗಳೊಳಗೆ ವರ್ಗಾಯಿಸಬೇಕು. ಬೆಂಗಳೂರಿನಲ್ಲಿ ಇದು ಈಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ.

ಬಂದ ಅಂಕಿಯನ್ನು ಏನು ಮಾಡಬೇಕು?

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ದೇಶದ ವಿದ್ಯುತ್ ಜಾಲದ ಸರಾಸರಿ ಹಿಡಿದರೆ ಒಂದು ಯೂನಿಟ್ ಉತ್ಪಾದನೆಗೆ ಸುಮಾರು 0.7 ಕೆ.ಜಿ. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸನ್ನೂ, ಕಿಲೋಮೀಟರಿಗೆ 1 ಯೂನಿಟ್ ನುಂಗುವ ವಿದ್ಯುತ್ ಬಸ್ಸನ್ನೂ ಲೆಕ್ಕ ಹಾಕಿ ನೋಡಿ. ಎರಡೂ ಕಿಲೋಮೀಟರಿಗೆ 0.7 ಕೆ.ಜಿ. ಆಸುಪಾಸಿನಲ್ಲೇ ನಿಲ್ಲುತ್ತವೆ! ವಿದ್ಯುತ್ ಬಸ್ಸು ಬೇಡವೆಂದು ಇದರ ಅರ್ಥವಲ್ಲ. ರಸ್ತೆಬದಿಯಲ್ಲಿ ಉಸಿರಾಡುವವರಿಗೆ ಹೊಗೆ ತಪ್ಪುತ್ತದೆ, ಅದು ದೊಡ್ಡ ಲಾಭ. ಆದರೆ ಹವಾಮಾನದ ಗುರಿ ಮುಟ್ಟಬೇಕಾದರೆ ಡಿಪೊಗೆ ಬರುವ ಕರೆಂಟು ಸೌರ, ಪವನದಂಥ ಮೂಲದ್ದಾಗಬೇಕು, ಇಲ್ಲವೇ ಕಾರು, ಸ್ಕೂಟರ್ ಬಿಟ್ಟು ಜನ ಬಸ್ಸು ಹತ್ತಬೇಕು. ವಿದ್ಯುತ್ತಿನ ಮೂಲ ಮತ್ತು ಪ್ರಯಾಣಿಕರ ಸಂಖ್ಯೆ ಅರ್ಜಿಯಲ್ಲಿ ಸೇರಿಸಿದ್ದು ಇದಕ್ಕೇ. ಮೇಲ್ಸೇತುವೆ, ಸುರಂಗದ ವಿಚಾರವಾದರೆ ವಿವರವಾದ ಯೋಜನಾ ವರದಿಯಲ್ಲಿ ವಾಹನಗಳ ಅಂದಾಜು ಹೆಚ್ಚಳ ನೋಡಿ, ಆ ಹೆಚ್ಚಳದ ಹೊಗೆಯನ್ನು ಎಲ್ಲಾದರೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ಕೇಳಿ.

ಉತ್ತರ ಬಾರದಿದ್ದರೆ

ಉತ್ತರಕ್ಕೆ ಗಡುವು 30 ದಿನ. ಅದು ದಾಟಿದರೆ ಮಾಹಿತಿ ಉಚಿತವಾಗಿ ಕೊಡಬೇಕು. ನೀವು ಮುಂದಿನ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಒಪ್ಪಂದದ ಪ್ರತಿಗೆ ‘ವಾಣಿಜ್ಯ ಗೋಪ್ಯತೆ’ ಎಂಬ ನಿರಾಕರಣೆ ಬಂದರೆ, ಸಾರ್ವಜನಿಕ ಹಿತ ದೊಡ್ಡದಾದಾಗ ಅದನ್ನೂ ಬಹಿರಂಗಪಡಿಸಬೇಕೆಂದು 8(1)(ಡಿ) ಕಲಮಿನಲ್ಲೇ ಇದೆ ಎಂದು ಮೇಲ್ಮನವಿಯಲ್ಲಿ ಬರೆಯಿರಿ.

ಹಾಳೆ ಸಿದ್ಧವಾದ ಮೇಲೆ ಅಧಿವೇಶನಕ್ಕೆ ಸಾಕಷ್ಟು ಮುಂಚೆ ನಿಮ್ಮ ಶಾಸಕರಿಗೆ ಕೊಡಿ. ಅವರು ಅದನ್ನೇ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಎತ್ತಿಕೊಂಡರೆ ಸಚಿವರು ಸದನದಲ್ಲಿ ಉತ್ತರಿಸಬೇಕಾಗುತ್ತದೆ, ಆ ಉತ್ತರ ಕಡತದಲ್ಲಿ ಉಳಿಯುತ್ತದೆ.