ಬೂಟ್ ಆಗುತ್ತದೆ, ಲಾಗಿನ್ ಬರುವುದಿಲ್ಲ

ಬೋರ್ಡು ಕೆಟ್ಟಿಲ್ಲ, ಗಾಬರಿ ಬೇಡ. ಬಿಲ್ಡ್‌ರೂಟ್‌ನಿಂದ ಕಟ್ಟಿದ ಲಿನಕ್ಸ್‌ನಲ್ಲಿ ಬ್ಯುಸಿಬಾಕ್ಸ್‌ನ ಇನಿಟ್ ಲಾಗಿನ್ ತೋರಿಸುವ ಮೊದಲು ಆರ್‌ಸಿಎಸ್ ಸ್ಕ್ರಿಪ್ಟನ್ನು ನಡೆಸುತ್ತದೆ. ಅದು ಎಸ್01, ಎಸ್40 ಎಂಬಂಥ ಸ್ಕ್ರಿಪ್ಟುಗಳನ್ನು ಅಂಕಿಯ ಕ್ರಮದಲ್ಲಿ ಕರೆಯುತ್ತದೆ. ಒಂದು ಮುಗಿಯದೆ ಇನ್ನೊಂದು ಶುರುವಾಗದು. ನಿಮ್ಮ ಎಸ್99 ಸ್ಕ್ರಿಪ್ಟು ನೇರವಾಗಿ ಓಡಿಸುವ ಅಪ್ಲಿಕೇಶನ್ ಎಂದೂ ಮುಗಿಯುವಂಥದ್ದಲ್ಲ, ಹಾಗಾಗಿ ಇನಿಟ್ ಅಲ್ಲೇ ಕಾಯುತ್ತಿದೆ.

ಎಸ್99ರಲ್ಲಿ ಅಪ್ಲಿಕೇಶನ್ ಓಡಿಸುವ ಸಾಲಿನ ಕೊನೆಗೆ ಆಂಪರ್‌ಸ್ಯಾಂಡ್ ಹಾಕಿದರೆ ಲಾಗಿನ್ ಬರುತ್ತದೆ ನಿಜ. ಆದರೆ ಅಪ್ಲಿಕೇಶನ್ ಬಿದ್ದರೆ ಎಬ್ಬಿಸುವವರಿಲ್ಲ. ಯಾರೂ ಹತ್ತಿರವಿಲ್ಲದ ಜಾಗದಲ್ಲಿ ಕೂರುವ ಉಪಕರಣಕ್ಕೆ ಅದು ಸಾಲದು. ಎಸ್99 ತೆಗೆದುಬಿಡಿ, ಇನಿಟ್‌ಟ್ಯಾಬ್ ಕಡತದಲ್ಲಿ ರೆಸ್ಪಾನ್ ಸಾಲೊಂದನ್ನು ಬರೆಯಿರಿ. ಅಪ್ಲಿಕೇಶನ್ ನಿಂತಾಗಲೆಲ್ಲ ಇನಿಟ್ ತಾನೇ ಮತ್ತೆ ಶುರುಮಾಡುತ್ತದೆ. ಆ ರೆಸ್ಪಾನ್ ಸಾಲಿನಲ್ಲಿ ಮಾತ್ರ ಆಂಪರ್‌ಸ್ಯಾಂಡ್ ಖಂಡಿತ ಬೇಡ, ಪ್ರತಿಯ ಮೇಲೆ ಪ್ರತಿ ಹುಟ್ಟಿ ಮೆಮೊರಿ ತುಂಬಿಹೋಗುತ್ತದೆ. ಪ್ರೋಗ್ರಾಮಿನ ಪೂರ್ತಿ ಪಾತ್ ಬರೆಯುವುದನ್ನು ದಯವಿಟ್ಟು ಮರೆಯಬೇಡಿ.